ಹಳೆಯ ಯುರೋಪಿಯನ್ ಕಾರು ಗಡಸಾಗಿ ಓಡುತ್ತಿದೆಯೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಹಳೆಯ ಬೆಂಜ್ ಕೊಂಡವರ ದೂರು ಹೆಚ್ಚುಕಮ್ಮಿ ಒಂದೇ: ಹಂಪ್ ಮೇಲೆ ದಡ್ ಅನ್ನುತ್ತದೆ, ಹೈವೇಯಲ್ಲಿ ಅತ್ತಿತ್ತ ಅಲೆಯುತ್ತದೆ. ಹಳೆಯ ಬಿಎಂಡಬ್ಲ್ಯು ಕೊಂಡವರೂ ಅದನ್ನೇ ಹೇಳುತ್ತಾರೆ. ಆದರೆ ಕೊನೆಗೆ 'ಬಿಎಂಡಬ್ಲ್ಯು ಅಂದ್ರೆ ಹೀಗೇ ಅಲ್ವಾ' ಅಂತ ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಹೀಗೇನೂ ಅಲ್ಲ. 1988ರಲ್ಲಿ ಬಂದ 5 ಸರಣಿಯ ಬಿಎಂಡಬ್ಲ್ಯು (ಕಂಪನಿಯ ಸಂಕೇತ ಇ34) ಹೊಸದಿದ್ದಾಗ ಬೆನ್ನು ಮುರಿಯುತ್ತಿರಲಿಲ್ಲ. ಇಂದು ಮುರಿಯುತ್ತಿದ್ದರೆ ಅದರಲ್ಲಿ ಏನೋ ಕೆಟ್ಟಿದೆ, ಇಲ್ಲವೇ ಯಾರೋ ಏನೋ ಬದಲಿಸಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದಂತೆ ಉಕ್ಕಿನ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಕುಸಿಯುತ್ತದೆ. ಶಾಕ್ ಅಬ್ಸಾರ್ಬರ್ ಕೂಡ ಸಾಮಾನ್ಯವಾಗಿ ಸೋತು ಮೆತ್ತಗಾಗುತ್ತದೆ. ಹಾಗಾದರೆ ಗಡಸು ಎಲ್ಲಿಂದ ಬರುತ್ತದೆ? ಚಲಿಸಬೇಕಾದ ಭಾಗ ಯಾವುದೋ ಚಲಿಸುತ್ತಿಲ್ಲ, ಅಥವಾ ಚಲಿಸಲು ಅದಕ್ಕೆ ಜಾಗವೇ ಉಳಿದಿಲ್ಲ. ಈ ಎರಡರಲ್ಲಿ ಯಾವುದು ಅಂತ ತಿಳಿಯದೆ ಸುಮ್ನೆ ನಾಲ್ಕು ಶಾಕ್ ಬದಲಿಸಿದರೆ ದುಡ್ಡು ದಂಡ.

ಹೊಸದಿದ್ದಾಗ ಅದು ಹೇಗಿತ್ತು?

ತಪ್ಪು ಹುಡುಕುವ ಮುಂಚೆ ಆ ಕಾರಿನ ಹುಟ್ಟುಗುಣ ಗೊತ್ತಿರಬೇಕು. ಪಕ್ಕದ ಮನೆಯ ಹೊಸ ಎಸ್‌ಯುವಿಗೆ ಹೋಲಿಸಿ ನೋಡಿದರೆ ಯಾವ ಹಳೆಯ ಕಾರೂ ಕೆಟ್ಟಿರುವಂತೆಯೇ ಕಾಣುತ್ತದೆ.

ಮರ್ಸಿಡಿಸ್ ಡಬ್ಲ್ಯು124 ತಗೊಳ್ಳಿ. 1984ರ ಕೊನೆಗೆ ಜರ್ಮನಿಯಲ್ಲಿ ಬಂತು. 1995ರಿಂದ ಪುಣೆಯಲ್ಲಿ ಜೋಡಣೆಯಾಯಿತು, ಹಾಗಾಗಿ ನಮ್ಮ ಕಡೆ ಈಗಲೂ ಇ220, ಇ250ಡಿ ಕಾಣಸಿಗುತ್ತವೆ. ಇದರ ಹಿಂದಿನ ಚಕ್ರಕ್ಕೆ ತಲಾ ಐದು ಲಿಂಕ್, ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ಸರಳುಗಳು. ಈ ಏರ್ಪಾಡು 1982ರ ಮರ್ಸಿಡಿಸ್ 190ರಲ್ಲಿ ಮೊದಲು ಬಂದದ್ದು. ಸಣ್ಣ ಒರಟು ಸ್ವಲ್ಪ ಮಟ್ಟಿಗೆ ಗೊತ್ತಾಗಬೇಕು, ದೊಡ್ಡ ಗುಂಡಿ ಬಹುಪಾಲು ನುಂಗಿಹೋಗಬೇಕು. ಅದು ಈ ಕಾರಿನ ಸರಿಯಾದ ನಡೆ. ಸ್ಟೇರಿಂಗ್ ರ‍್ಯಾಕ್ ಅಲ್ಲ, ರೀಸರ್ಕ್ಯುಲೇಟಿಂಗ್ ಬಾಲ್ ಬಾಕ್ಸ್. ನಡುವಿನಲ್ಲಿ ತುಸು ಸೋಮಾರಿತನ ಇದ್ದೇ ಇರುತ್ತದೆ. ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರಗಳು ವಾಲಿ ನಿಲ್ಲುವುದನ್ನು ನೋಡಿ 'ಆರ್ಮ್ ಬೆಂಡ್ ಆಗಿದೆ' ಅನ್ನುವವರಿದ್ದಾರೆ. ಬೆಂಡ್ ಆಗಿಲ್ಲ. ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಪ್ರಮಾಣ) 10 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟಿದ್ದಾರೆ, ಅದಕ್ಕೇ ಹಾಗೆ ಕಾಣುತ್ತದೆ.

ಇ34 ಇದಕ್ಕಿಂತ ಬಿಗಿ. ಆದರೆ ಬಿಗಿ ಬೇರೆ, ಒರಟು ಬೇರೆ. ಉಬ್ಬು ಹತ್ತಿದಾಗ ಬಾಡಿ ಒಂದೇ ಸಲ ಏರಿ ಇಳಿದು ಸುಮ್ಮನಾಗಬೇಕು. ಎರಡನೇ ಕುಣಿತ ಇರಬಾರದು, ದಡ್ ಅನ್ನುವ ಏಟೂ ಇರಬಾರದು. ಅದರ ಚಿಕ್ಕ ತಮ್ಮ, 3 ಸರಣಿಯ ಇ30, 1982ರದ್ದು. ಹಗುರ, ರ‍್ಯಾಕ್ ಸ್ಟೇರಿಂಗ್, ಹಿಂದೆ ಸೆಮಿ ಟ್ರೇಲಿಂಗ್ ಆರ್ಮ್, ಅಂದರೆ ಓರೆಯಾಗಿ ಕೂತ ತೋಳು. ಮಳೆಯಲ್ಲಿ ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರುತ್ತದೆ. ಅದು ದೋಷವಲ್ಲ, ಆ ಆರ್ಮ್ ತಿರುಗುವ ಓರೆ ಅಕ್ಷದ ಗುಣ. ಕಾಲು ಬಿಟ್ಟಾಗ ಹಿಂಭಾಗ ಮೇಲೇಳುತ್ತದೆ, ಚಕ್ರದ ಕೋನ ಬದಲಾಗುತ್ತದೆ. 1976ರ ಮರ್ಸಿಡಿಸ್ ಡಬ್ಲ್ಯು123ಯಲ್ಲೂ ಇದೇ ಜಾತಿಯ ಹಿಂಭಾಗ ಇದೆ. ಆದರೆ ಆ ಕಾರನ್ನು ಯಾರೂ ಅಷ್ಟು ಅವಸರದಲ್ಲಿ ಓಡಿಸುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ.

ಫೋಕ್ಸ್‌ವ್ಯಾಗನ್ ಗಾಲ್ಫ್ ಎರಡನೇ ತಲೆಮಾರು 1983ರದ್ದು. ಜೋರಾಗಿ ತಿರುಗಿಸಿದರೆ ಒಳಬದಿಯ ಹಿಂದಿನ ಚಕ್ರ ನೆಲ ಬಿಡುತ್ತದೆ. ಅದೂ ಹುಟ್ಟುಗುಣವೇ. ವೋಲ್ವೋ 240ಕ್ಕೆ ಹಿಂದೆ ಗಟ್ಟಿ ಆಕ್ಸಲ್, ಅದನ್ನು ಅಡ್ಡಡ್ಡ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್. ಹದಗೆಟ್ಟ ರಸ್ತೆಯಲ್ಲಿ ಹಿಂಭಾಗ ಸ್ವಲ್ಪ ಪಕ್ಕಕ್ಕೆ ಹೆಜ್ಜೆ ಹಾಕಿದರೆ ಗಾಬರಿ ಬೇಡ.

ಫ್ರೆಂಚರ ದಾರಿಯೇ ಬೇರೆ. ಪೂಜೋ 504, ರೆನೋ 4 ಇಂಥ ಕಾರುಗಳು ತಿರುವಿನಲ್ಲಿ ಬಾಗಿಲ ಹಿಡಿಕೆ ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ವಾಲುತ್ತವೆ. ಆದರೆ ಟೈರ್ ರಸ್ತೆ ಬಿಡುವುದಿಲ್ಲ. ಅವರು ಚಕ್ರಕ್ಕೆ ಉದ್ದ ಓಡಾಟ ಕೊಟ್ಟರು, ಸ್ಪ್ರಿಂಗ್ ಮೆತ್ತಗಿಟ್ಟರು. ಗಡಸು ಇದ್ದರೇ ಹಿಡಿತ ಚೆನ್ನಾಗಿರುತ್ತದೆ ಅನ್ನುವ ನಂಬಿಕೆ ಸುಳ್ಳು ಅನ್ನಲು ಈ ಎರಡು ಕಾರು ಸಾಕು. ಒಡೆದ ರಸ್ತೆಯಲ್ಲಂತೂ ಗಡಸು ಕಾರಿನ ಚಕ್ರ ಗಾಳಿಯಲ್ಲೇ ಜಾಸ್ತಿ ಹೊತ್ತು ಇರುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಎಲ್ಲಿಯ ಹಿಡಿತ?

ರೆನೋ 4ರಲ್ಲಿ ಇನ್ನೊಂದು ತಮಾಷೆ. ಹಿಂದಿನ ಎರಡು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು) ಒಂದರ ಹಿಂದೆ ಒಂದು ಅಡ್ಡಲಾಗಿ ಕೂತಿವೆ. ಹಾಗಾಗಿ ಎಡಗಡೆಯ ವೀಲ್‌ಬೇಸ್‌ಗೂ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಬಲಗಡೆಯದಕ್ಕೂ 48 ಮಿ.ಮೀ. ವ್ಯತ್ಯಾಸ. ಅಳೆದು ನೋಡಿ 'ಆಕ್ಸಿಡೆಂಟ್ ಗಾಡಿ' ಅಂತ ತೀರ್ಪು ಕೊಡಬೇಡಿ. ಕಾರ್ಖಾನೆಯಿಂದಲೇ ಅದು ಹಾಗೆ ಬಂದಿದೆ.

ಟೈರ್ ನೋಡದೆ ಕೆಳಗೆ ಹೋಗಬೇಡಿ

ಗಡಸಿನ ದೂರಿನಲ್ಲಿ ದೊಡ್ಡ ಪಾಲು ಟೈರಿನದ್ದು. ಆದರೂ ಅದನ್ನು ಕೊನೆಗೆ ನೋಡುತ್ತಾರೆ, ಯಾಕೋ.

ಪಂಕ್ಚರ್ ಅಂಗಡಿಯಲ್ಲಿ ಎಲ್ಲ ಕಾರಿಗೂ 35 ಪಿಎಸ್‌ಐ ಗಾಳಿ ಹಾಕುವ ರೂಢಿ ಇದೆ. ಇಂಥ ಹಳೆಯ ಎಷ್ಟೋ ಕಾರುಗಳಿಗೆ ಕಡಿಮೆ ಜನ ಕೂತಾಗ 30ರ ಒಳಗೇ ಸಾಕು. ಡಬ್ಲ್ಯು124ರಲ್ಲಿ ಸರಿಯಾದ ಅಂಕಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುತ್ತದೆ. ಬಿಎಂಡಬ್ಲ್ಯುನಲ್ಲಿ ಬಾಗಿಲಿನ ಕಂಬದ ಹತ್ತಿರ ಹುಡುಕಿ. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿದ್ದಾಗ ಅಳೆಯಿರಿ. ಬಿಸಿಲಲ್ಲಿ ಓಡಿಸಿಕೊಂಡು ಬಂದು ಅಳೆದ ಅಂಕಿಗೆ ಬೆಲೆ ಇಲ್ಲ.

ಆಮೇಲೆ ಟೈರಿನ ವಯಸ್ಸು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 1216 ಅಂದರೆ 2016ರ 12ನೇ ವಾರ. ಹಳೆಯ ಕಾರು ವರ್ಷಕ್ಕೆ ಕೊಂಚವೇ ಓಡುವುದರಿಂದ ಟೈರ್ ಸವೆಯುವುದೇ ಇಲ್ಲ, ಕೂತಲ್ಲೇ ಕಲ್ಲಾಗುತ್ತದೆ. ಅಚ್ಚು ಪೂರ್ತಿ ಉಳಿದಿರುತ್ತದೆ, ಮೇಲ್ನೋಟಕ್ಕೆ ಚೆಂದ. ಉಗುರಿನಿಂದ ಒತ್ತಿ ನೋಡಿ, ಒತ್ತಿದ ಗುರುತು ಕೂಡ ಬೀಳದು. ಹತ್ತು ವರ್ಷದ ಟೈರ್ ಇಟ್ಟುಕೊಂಡು ಸಸ್ಪೆನ್ಷನ್ ಬಗ್ಗೆ ಮಾತಾಡುವುದು ವ್ಯರ್ಥ. ಒದ್ದೆ ರಸ್ತೆಯಲ್ಲಿ ಅದು ಅಪಾಯ ಕೂಡ.

ಮೂರನೆಯದು ಅಳತೆ. ಡಬ್ಲ್ಯು124ರ ಬಹುಪಾಲು ಕಾರುಗಳಿಗೆ 195/65 ಆರ್15 ಟೈರ್. ಇದರ ಪಕ್ಕದ ಗೋಡೆ ಸುಮಾರು 127 ಮಿ.ಮೀ. ಎತ್ತರ. ನೋಟ ಚೆನ್ನಾಗಿರಲಿ ಅಂತ 225/45 ಆರ್17 ಹಾಕಿದರೆ ಆ ಗೋಡೆ 101 ಮಿ.ಮೀ.ಗೆ ಇಳಿಯುತ್ತದೆ. ಹೊರಗಿನ ವ್ಯಾಸ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ಸ್ಪೀಡೋಮೀಟರ್ ಕೂಡ ತಕರಾರು ಮಾಡುವುದಿಲ್ಲ, ಆದರೆ ಏಟು ತಡೆಯುವ ರಬ್ಬರ್ ಒಂದು ಇಂಚಿನಷ್ಟು ಮಾಯ. ಇಂಥ ಕಾರಿಗೆ ಯಾವ ಶಾಕ್ ಹಾಕಿದರೂ ಹಳೆಯ ನಯ ವಾಪಸ್ ಬರುವುದಿಲ್ಲ. ಗೆಳೆಯರ ಯಾವುದಾದರೂ ಕಾರಿನಿಂದ ಮೂಲ ಅಳತೆಯ ಚಕ್ರಗಳನ್ನು ಒಂದು ದಿನಕ್ಕೆ ಕೇಳಿ ಪಡೆದು ಹಾಕಿ ನೋಡಿ. ಅರ್ಧ ದೂರು ಅಲ್ಲೇ ಮುಗಿಯಬಹುದು.

ಎತ್ತರ ಅಳೆಯಿರಿ, ಕೈಯಿಂದ ಒತ್ತಿ ನೋಡಿ

ಟೈರ್ ಸರಿಯಿದ್ದರೆ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಪ್ರತಿ ಚಕ್ರದ ನಡುಮಧ್ಯದಿಂದ ನೇರ ಮೇಲೆ, ಮಡ್‌ಗಾರ್ಡ್‌ನ ಅಂಚಿನ ತನಕ ಟೇಪಿನಿಂದ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಬಂದು ಗೊಂದಲ. ಎಡಬಲದ ನಡುವೆ 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಕಾರಣ ಹುಡುಕಬೇಕು. ಸ್ಪ್ರಿಂಗಿನ ತುದಿಯ ಸುತ್ತು ಮುರಿದಿರುವುದು ತುಂಬಾ ಸಾಮಾನ್ಯ. ಮುರಿದ ತುಂಡು ಬಟ್ಟಲಲ್ಲೇ ಕೂತಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಟಾರ್ಚ್ ಹಿಡಿದು ಬೆರಳಾಡಿಸಿ ನೋಡಿ.

ಇನ್ನು ಒತ್ತುವ ಪರೀಕ್ಷೆ. ಎಲ್ಲರಿಗೂ ಗೊತ್ತಿರುವುದು ಕಾರಿನ ಮೂಲೆಯನ್ನು ಕುಣಿಸಿ ಬಿಡುವುದು. ಅದರಿಂದ ಪೂರ್ತಿ ಸತ್ತ ಶಾಕ್ ಮಾತ್ರ ಪತ್ತೆಯಾಗುತ್ತದೆ, ಅರ್ಧ ಸೋತದ್ದು ಸಿಗುವುದಿಲ್ಲ. ಗಡಸು ಹುಡುಕಲು ಬೇರೆ ರೀತಿ ಮಾಡಬೇಕು. ಮೂಲೆಯನ್ನು ನಿಧಾನವಾಗಿ ಕೆಳಗೆ ಒತ್ತಿ, ನಿಧಾನವಾಗಿಯೇ ಕೈ ಬಿಡಿ. ಎತ್ತರ ಅಳೆಯಿರಿ. ಈಗ ಮಡ್‌ಗಾರ್ಡ್ ಹಿಡಿದು ನಿಧಾನವಾಗಿ ಮೇಲೆತ್ತಿ, ಹಾಗೇ ಇಳಿಬಿಡಿ. ಮತ್ತೆ ಅಳೆಯಿರಿ. ಎರಡೂ ಅಳತೆ ಹತ್ತಿರ ಹತ್ತಿರ ಇರಬೇಕು. ಒಂದೆರಡು ಸೆಂಟಿಮೀಟರ್ ಅಂತರ ಬಂದರೆ ಎಲ್ಲೋ ಹಿಡಿದುಕೊಂಡಿದೆ ಅಂತ ಅರ್ಥ: ಒಣಗಿದ ಬಾಲ್ ಜಾಯಿಂಟ್, ಬಾಗಿದ ಶಾಕ್ ರಾಡ್, ತುಕ್ಕು ಹಿಡಿದ ಬೇರಿಂಗ್, ಇಲ್ಲವೇ ತಿರುಚಿಕೊಂಡ ಬುಷ್ (ಆರ್ಮ್ ಕೂರುವ ಕಡೆಯ ರಬ್ಬರ್ ತುಂಡು). ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯಷ್ಟು ಉಪಯೋಗದ್ದು ಇನ್ನೊಂದಿಲ್ಲ. ಗ್ಯಾರೇಜಿನಲ್ಲಿ ಯಾರೂ ಮಾಡುವುದಿಲ್ಲ ಅನ್ನುವುದು ಬೇರೆ ಮಾತು.

ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಇರುವ ಕಾರಿನಲ್ಲಿ ಅಂತರ ಸ್ವಲ್ಪ ಜಾಸ್ತಿ ಬರುವುದು ಸಹಜ. ಇಟಲಿಯ ಫಿಯೆಟ್ 1100ರಿಂದ ಬಂದ ನಮ್ಮ ಪ್ರೀಮಿಯರ್ ಪದ್ಮಿನಿಯ ಹಿಂಭಾಗ ಇಂಥದ್ದೇ. ಎಲೆಗಳ ನಡುವೆ ತುಕ್ಕು, ಮಣ್ಣು ಕೂತರೆ ಇಡೀ ಕಟ್ಟು ಒಂದೇ ದಪ್ಪ ಪಟ್ಟಿಯಾಗಿಬಿಡುತ್ತದೆ. ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿ ಜೋಡಿಸಿದರೆ ಅದೇ ಸ್ಪ್ರಿಂಗ್ ಬೇರೆ ಕಾರಿನದ್ದೇನೋ ಅನ್ನಿಸುತ್ತದೆ.

ಕುಸಿದ ಸ್ಪ್ರಿಂಗ್ ಯಾಕೆ ಗಡಸು?

ಕೇಳಲು ವಿಚಿತ್ರ. ಸ್ಪ್ರಿಂಗ್ ಕುಸಿದಾಗ ಕಾರು ಕೆಳಗೆ ಕೂರುತ್ತದೆ. ಆಗ ಬಂಪ್ ಸ್ಟಾಪ್ ಅನ್ನುವ ರಬ್ಬರ್ ಗುಂಡಿಗೂ ಆರ್ಮ್‌ಗೂ ನಡುವಿನ ಜಾಗ ಕಡಿಮೆಯಾಗುತ್ತದೆ. ಸಣ್ಣ ಹಂಪ್ ಬಂದರೂ ಆರ್ಮ್ ಹೋಗಿ ಅದಕ್ಕೆ ಬಡಿಯುತ್ತದೆ. ಒಳಗೆ ಕೂತವರಿಗೆ 'ಶಾಕ್ ಗಟ್ಟಿ' ಅನ್ನಿಸುತ್ತದೆ. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ತಗ್ಗಿಸಿದ ಕಾರುಗಳ ಪಾಡೂ ಇದೇ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಶಾಕ್‌ನ ಹೊಳೆಯುವ ರಾಡ್ ಕಾಣುವಂತೆ ಧೂಳಿನ ಕವಚ ಮೇಲೆತ್ತಿ, ರಾಡಿಗೆ ಒಂದು ಪ್ಲಾಸ್ಟಿಕ್ ಟೈ ಹಿತವಾಗಿ ಬಿಗಿಯಿರಿ. ಅದನ್ನು ಶಾಕ್‌ನ ಮೈತನಕ ಕೆಳಗೆ ತಳ್ಳಿ. ದಿನಾ ಹೋಗುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟೈ ಎಲ್ಲಿಗೆ ಸರಿದಿದೆ ನೋಡಿ. ಸಾಧಾರಣ ಹಂಪ್‌ಗೇ ಅದು ಬಂಪ್ ಸ್ಟಾಪ್ ಮುಟ್ಟಿದ್ದರೆ ತಪ್ಪು ಎತ್ತರದ್ದು, ಶಾಕ್‌ನದ್ದಲ್ಲ. ತದ್ವಿರುದ್ಧವಾಗಿ ಟೈ ಜಾಗ ಬಿಟ್ಟು ಕದಲಿಯೇ ಇಲ್ಲ ಅಂದರೆ ಎಲ್ಲೋ ಬಿಗಿದುಕೊಂಡಿದೆ. ಎಷ್ಟೋ ಕಾರುಗಳಲ್ಲಿ ಆ ರಬ್ಬರ್ ಗುಂಡಿಯೇ ಪುಡಿಯಾಗಿ ಹೋಗಿರುತ್ತದೆ. ಆಗ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಬರುತ್ತದೆ.

ಮರ್ಸಿಡಿಸ್‌ಗೆ ಸ್ಪ್ರಿಂಗ್ ತರಿಸುವಾಗ ಒಂದು ಎಚ್ಚರ. ಆ ಕಾಲದಲ್ಲಿ ಅವರು ಕಾರಿನಲ್ಲಿ ಏನೇನು ಇದೆ ಅಂತ ಅಂಕ ಹಾಕಿ, ಒಟ್ಟು ಅಂಕಕ್ಕೆ ತಕ್ಕ ಸ್ಪ್ರಿಂಗ್ ಆರಿಸುತ್ತಿದ್ದರು. ಡೀಸೆಲ್ ಎಂಜಿನ್, ಎಸಿ, ಸನ್‌ರೂಫ್ ಎಲ್ಲಕ್ಕೂ ಲೆಕ್ಕ. ಹಾಗಾಗಿ 'ಡಬ್ಲ್ಯು124 ಸ್ಪ್ರಿಂಗ್ ಕೊಡಿ' ಅಂದರೆ ಸಾಲದು. ಸ್ಪ್ರಿಂಗಿನ ಮೇಲೆ ಕೂರುವ ರಬ್ಬರ್ ಪ್ಯಾಡಿಗೂ ಬೇರೆ ಬೇರೆ ದಪ್ಪ ಇದೆ. ಅಂಚಿನಲ್ಲಿರುವ ಗುಬುಟುಗಳನ್ನು ಎಣಿಸಿದರೆ ದಪ್ಪ ಗೊತ್ತಾಗುತ್ತದೆ, ಒಂದರಿಂದ ನಾಲ್ಕರವರೆಗೆ. ಒಂದು ಕಡೆ ತಗ್ಗಿದ್ದರೆ ಪ್ಯಾಡ್ ಬದಲಿಸಿದರೂ ಸಾಕಾಗಬಹುದು. ಸ್ಪೋರ್ಟ್‌ಲೈನ್ ಮಾದರಿಯ ಬೆಂಜ್ ಆದರೆ ಹುಟ್ಟಿನಿಂದಲೇ ತಗ್ಗು, ಹುಟ್ಟಿನಿಂದಲೇ ಬಿಗಿ. ಅದನ್ನು ಮಾಮೂಲಿ ಕಾರಿನ ಅಳತೆಗೆ ಹೋಲಿಸಬೇಡಿ.

ಮಿನಿಯ ಕಥೆ ಬೇರೆ. 1959ರ ಆ ಕಾರಿಗೆ ಸ್ಪ್ರಿಂಗ್ ಅಂದರೆ ರಬ್ಬರ್ ಕೋನ್. ವರ್ಷಗಳು ಕಳೆದಂತೆ ಅದು ಕುಗ್ಗಿ ಗಟ್ಟಿಯಾಗುತ್ತದೆ, ಕಾರು ತಗ್ಗುತ್ತದೆ. ಕೋನ್ ಮತ್ತು ಆರ್ಮ್ ನಡುವಿನ ಗುಂಡಗಿನ ನಕಲ್ ಜಾಯಿಂಟ್ ಒಣಗಿದರೆ ಕಿರ್ ಅನ್ನುವ ಸದ್ದು, ಜೊತೆಗೆ ಇನ್ನಷ್ಟು ಗಡಸು. ಕೋನ್ ತೆಗೆದಾಗ ಈ ಜಾಯಿಂಟನ್ನೂ ಬದಲಿಸದೆ ಮುಚ್ಚುವುದು ಮೂರ್ಖತನ.

ಗಾಳಿಯಲ್ಲಿ ಬಿಗಿದ ಬೋಲ್ಟ್

'ಎಲ್ಲ ಬುಷ್ ಹೊಸದು ಹಾಕಿಸಿದೆ, ಆಮೇಲೇ ಗಡಸಾಯಿತು.' ಈ ಮಾತು ಕೇಳಿದ ಕೂಡಲೇ ನನ್ನ ಅನುಮಾನ ಒಂದೇ ಕಡೆ ಹೋಗುತ್ತದೆ.

ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಷ್ ಬೇರಿಂಗ್ ಥರ ಗಿರ್ರನೆ ತಿರುಗುವುದಿಲ್ಲ. ಒಳಗಿನ ಕೊಳವೆ ಬೋಲ್ಟಿಗೆ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ, ಹೊರಗಿನದು ಆರ್ಮ್‌ಗೆ. ಆರ್ಮ್ ಆಡುವಾಗ ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ, ಅಷ್ಟೇ. ಈಗ ಕಾರನ್ನು ಲಿಫ್ಟ್‌ಗೆ ಏರಿಸಿ, ಚಕ್ರ ಕೆಳಗೆ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ ಏನಾಗುತ್ತದೆ? ಜೋತುಬಿದ್ದ ಸ್ಥಿತಿಯೇ ರಬ್ಬರಿನ ಆರಾಮದ ಸ್ಥಿತಿ ಆಗುತ್ತದೆ. ಕಾರು ನೆಲಕ್ಕೆ ಇಳಿದಾಗ ನಿಂತಲ್ಲೇ ರಬ್ಬರ್ ಪೂರ್ತಿ ತಿರುಚಿಕೊಂಡಿರುತ್ತದೆ. ಪ್ರತಿಯೊಂದು ಬುಷ್ ಒಂದು ಹೆಚ್ಚುವರಿ ಸ್ಪ್ರಿಂಗ್ ಆಗಿ ಕೆಲಸ ಮಾಡುತ್ತದೆ. ಕಾರು ತುಸು ಎತ್ತರ ನಿಲ್ಲುತ್ತದೆ, ಗಡಸಾಗುತ್ತದೆ, ಕೆಲವೇ ತಿಂಗಳಲ್ಲಿ ಹೊಸ ಬುಷ್ ಹರಿಯುತ್ತದೆ. ಆಮೇಲೆ ಬೈಗುಳ ಬೀಳುವುದು ಬುಷ್ ಮಾಡಿದ ಕಂಪನಿಗೆ.

ಡಬ್ಲ್ಯು124ರ ಹಿಂಭಾಗದಲ್ಲಿ ಒಂದೊಂದು ಕಡೆ ಐದು ಲಿಂಕ್ ಅಂದೆನಲ್ಲ, ಅಷ್ಟಕ್ಕೂ ಇದು ಅನ್ವಯ. ಇ34ರ ಮುಂದಿನ ಆರ್ಮ್‌ಗಳಿಗೂ ಅಷ್ಟೇ. 2001ರಿಂದ ಭಾರತದಲ್ಲಿ ಮಾರಾಟವಾದ ಸ್ಕೋಡಾ ಆಕ್ಟೇವಿಯಾದ ಲೋಯರ್ ಆರ್ಮ್ ಕೂಡ.

ಸರಿಪಡಿಸಲು ಹೊಸ ಭಾಗ ಬೇಕಿಲ್ಲ, ಬುಷ್ ಇನ್ನೂ ಹರಿದಿಲ್ಲದಿದ್ದರೆ. ಕಾರನ್ನು ಪಿಟ್ ಮೇಲೆ ನಾಲ್ಕೂ ಚಕ್ರ ನೆಲ ಊರಿ ನಿಲ್ಲಿಸಿ. ಪಿವೋಟ್ ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿ. ಕಾರನ್ನು ಕೆಲವು ಸಲ ಕುಣಿಸಿ. ಆಮೇಲೆ ಹೇಳಿದಷ್ಟು ಟಾರ್ಕ್‌ಗೆ ಬಿಗಿಯಿರಿ. ಪಿಟ್ ಇಲ್ಲದಿದ್ದರೆ ಚಕ್ರದ ಹಬ್ ಕೆಳಗೆ ಜಾಕ್ ಕೊಟ್ಟು, ಮೊದಲು ಬರೆದಿಟ್ಟ ಎತ್ತರದ ಅಳತೆ ಬರುವ ತನಕ ಎತ್ತಿ ಬಿಗಿಯಬಹುದು. ಕಾರಿನ ಭಾರ ಸ್ಟ್ಯಾಂಡ್ ಮೇಲಿರಬೇಕು. ಬರೀ ಜಾಕ್ ನಂಬಿ ಕೆಳಗೆ ನುಸುಳುವುದು ಬೇಡವೇ ಬೇಡ.

ಪಾಲಿಯುರೆಥೇನ್ ಬುಷ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ: ದಿನಾ ಓಡಿಸುವ ಕಾರಿಗೆ ಬೇಡ. ಎರಡನೇ ತಲೆಮಾರಿನ ಗಾಲ್ಫ್‌ನ ಹಿಂದಿನ ಬೀಮ್ ಬುಷ್ ನೋಡಿ. ತಿರುವಿನಲ್ಲಿ ಒತ್ತಡ ಬಿದ್ದಾಗ ಬೀಮ್ ತಾನಾಗಿ ಹಿಂದಿನ ಚಕ್ರಗಳ ದಿಕ್ಕು ತಪ್ಪಿಸದಂತೆ ಆ ರಬ್ಬರನ್ನು ರೂಪಿಸಿದ್ದಾರೆ. ಅದನ್ನು ಕೂರಿಸುವ ಕೋನಕ್ಕೂ ಲೆಕ್ಕ ಇದೆ. ಅಲ್ಲಿ ಗಟ್ಟಿ ಪ್ಲಾಸ್ಟಿಕ್ ತುರುಕಿದರೆ ಆ ಜಾಣತನ ಹೋಯಿತು, ಸದ್ದು ಮಾತ್ರ ಉಳಿಯಿತು.

ಶಾಕ್ ಅಬ್ಸಾರ್ಬರ್

ಎಣ್ಣೆ ಸೋರಿದ್ದರೆ ಬದಲಿಸಿ, ಜೋಡಿಯಾಗಿಯೇ ಬದಲಿಸಿ. ಮೇಲಿನ ಮೌಂಟಿಂಗ್ ಕೂಡ ಅದರ ಜೊತೆಗೇ ಹೋಗಲಿ. ಇ30ರ ಹಿಂದಿನ ಶಾಕ್ ಮೌಂಟ್ ಸವೆದರೆ ಡಿಕ್ಕಿಯಿಂದ ಟಕ್ ಟಕ್ ಕೇಳುತ್ತದೆ, ಆದರೆ ಬೈಸಿಕೊಳ್ಳುವುದು ಶಾಕ್. ತರಿಸುವಾಗ ನಮೂನೆ ನೋಡಿಕೊಳ್ಳಿ: ಬಿಲ್‌ಸ್ಟೀನ್ ಕಂಪನಿಯ ಶಾಕ್‌ಗಳಲ್ಲಿ ಬಿ4 ಮೂಲ ಕಾರಿನ ನಡೆಗೆ ಹತ್ತಿರದ್ದು, ಬಿ6 ಅದಕ್ಕಿಂತ ಬಿಗಿ, ಬಿ8 ತಗ್ಗಿಸಿದ ಕಾರಿಗೆ. 'ಒಳ್ಳೇದೇ ಹಾಕೋಣ' ಅಂತ ಮಾಮೂಲಿ ಎತ್ತರದ ಬೆಂಜ್‌ಗೆ ಬಿ8 ಹಾಕಿ, ಆಮೇಲೆ ಗಡಸು ಅಂದರೆ ಯಾರು ಏನು ಮಾಡಲಿ?

ಎಣ್ಣೆ ಮತ್ತು ನೈಟ್ರೋಜನ್ ಮೇಲೆ ನಿಂತ ಕಾರುಗಳು

ಸಿಟ್ರೊಯೆನ್ ಡಿಎಸ್ 1955ರ ಪ್ಯಾರಿಸ್ ಮೋಟಾರ್ ಶೋನಲ್ಲಿ ಬಂದಾಗ ಅದಕ್ಕೆ ಸ್ಪ್ರಿಂಗೇ ಇರಲಿಲ್ಲ. ಪ್ರತಿ ಚಕ್ರಕ್ಕೆ ಒಂದು ಕಬ್ಬಿಣದ ಗೋಳ. ಗೋಳದ ಅರ್ಧ ನೈಟ್ರೋಜನ್, ಇನ್ನರ್ಧ ಎಣ್ಣೆ, ನಡುವೆ ತೆಳು ಪೊರೆ. ಪಾಲ್ ಮಜೆಸ್ ಅನ್ನುವ ಎಂಜಿನಿಯರ್ ಇದರ ಹಿಂದಿನ ತಲೆ. ಜಿಎಸ್, ಸಿಎಕ್ಸ್, ಬಿಎಕ್ಸ್, ಎಕ್ಸ್‌ಎಂ, ಕ್ಸಾಂಟಿಯಾ ಎಲ್ಲವೂ ಇದೇ ವಂಶ.

ಮಿನಿಯ ರಬ್ಬರ್ ಕೋನ್ ಬಿಟ್ಟರೆ ಇವುಗಳಲ್ಲಿ ಮಾತ್ರ 'ಸ್ಪ್ರಿಂಗ್ ಗಟ್ಟಿಯಾಯಿತು' ಅನ್ನುವ ಮಾತು ನಿಜ. ಪೊರೆಯ ಮೂಲಕ ನೈಟ್ರೋಜನ್ ವರ್ಷಗಟ್ಟಲೆ ನಿಧಾನವಾಗಿ ಸೋರುತ್ತದೆ. ಅನಿಲ ಹೋದಷ್ಟೂ ಕುಗ್ಗುವುದಕ್ಕೆ ಏನೂ ಉಳಿಯುವುದಿಲ್ಲ, ಎಣ್ಣೆಯಂತೂ ಕುಗ್ಗದು. ತಮಾಷೆ ಏನಂದರೆ ಕಾರಿನ ಎತ್ತರ ಸರಿಯಾಗಿಯೇ ಇರುತ್ತದೆ, ಯಾಕಂದರೆ ಅದನ್ನು ಪಂಪು ಮತ್ತು ಎತ್ತರದ ವಾಲ್ವ್ ನೋಡಿಕೊಳ್ಳುತ್ತವೆ. ಹಾಗಾಗಿ ನೋಡಿದರೆ ಏನೂ ತಿಳಿಯದು, ಒತ್ತಿಯೇ ನೋಡಬೇಕು. ಎಂಜಿನ್ ಚಾಲೂ ಮಾಡಿ, ಕಾರು ಮಾಮೂಲಿ ಎತ್ತರಕ್ಕೆ ಬಂದ ಮೇಲೆ ಒಂದೊಂದು ಮೂಲೆ ಒತ್ತಿ. ಮೆತ್ತಗೆ ಇಳಿಯಬೇಕು. ಕಲ್ಲಿನಂತೆ ನಿಂತರೆ ಆ ಗೋಳ ಖಾಲಿ.

ಇನ್ನೊಂದು ಗೋಳ ಇದೆ, ಎಂಜಿನ್ ಹತ್ತಿರ, ಒತ್ತಡ ಕೂಡಿಟ್ಟುಕೊಳ್ಳುವುದು. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಅದರ ರೆಗ್ಯುಲೇಟರ್ ಟಿಕ್ ಅನ್ನುವುದನ್ನು ಕೇಳಿಸಿಕೊಳ್ಳಿ. ಟಿಕ್‌ಗಳ ನಡುವೆ ಸಾಕಷ್ಟು ಬಿಡುವು ಇರಬೇಕು. ಕೆಲವೇ ಸೆಕೆಂಡಿಗೊಮ್ಮೆ ಟಿಕ್ ಟಿಕ್ ಅಂದರೆ ಆ ಗೋಳ ಮುಗಿದಿದೆ, ಇಲ್ಲವೇ ಒಳಗೆಲ್ಲೋ ಎಣ್ಣೆ ಸೋರಿ ವಾಪಸ್ ಹೋಗುತ್ತಿದೆ. ಬ್ರೇಕಿಗೂ ಇದೇ ಒತ್ತಡ ಬೇಕು, ಆದ್ದರಿಂದ ನಾಳೆ ನೋಡೋಣ ಅನ್ನುವ ವಿಷಯ ಇದಲ್ಲ.

ಎಕ್ಸ್‌ಎಂ ಮತ್ತು ಕೆಲವು ಕ್ಸಾಂಟಿಯಾಗಳಲ್ಲಿ ಹೈಡ್ರಾಕ್ಟಿವ್ ಏರ್ಪಾಡು ಇದೆ. ಪ್ರತಿ ಆಕ್ಸಲ್‌ಗೆ ಮೂರನೇ ಗೋಳ, ಅದನ್ನು ಸೇರಿಸಲು, ಬೇರ್ಪಡಿಸಲು ವಿದ್ಯುತ್ ವಾಲ್ವ್. ವಾಲ್ವ್ ಕೆಟ್ಟರೆ ಕಾರು ಸದಾ ಬಿಗಿ ಸ್ಥಿತಿಯಲ್ಲೇ ಉಳಿಯುತ್ತದೆ. ಗೋಳಗಳೆಲ್ಲ ಹೊಸದು, ಆದರೂ ಗಡಸು ಅಂದರೆ ವೈರಿಂಗ್ ಕಡೆ ತಿರುಗಿ.

ಎಣ್ಣೆಯ ವಿಷಯದಲ್ಲಿ ರಾಜಿ ಇಲ್ಲ. ಹಳೆಯ ಡಿಎಸ್‌ಗೆ ಕೆಂಪು ಎಣ್ಣೆ, 1966ರ ಕೊನೆಯಿಂದ ಯುರೋಪಿನ ಕಾರುಗಳಿಗೆ ಹಸಿರು ಖನಿಜ ಎಣ್ಣೆ. ಒಂದರಲ್ಲಿ ಇನ್ನೊಂದು ಹಾಕಿದರೆ ಸೀಲ್‌ಗಳು ಹಾಳು. ಹಸಿರು ಎಣ್ಣೆಯ ಕಾರಿಗೆ ಬ್ರೇಕ್ ಎಣ್ಣೆ ಸುರಿದರೂ ಅದೇ ಗತಿ. ಗೋಳ ಬಿಚ್ಚುವ ಮುಂಚೆ ರೆಗ್ಯುಲೇಟರ್‌ನ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಬೇಕು. ಸ್ಟ್ಯಾಂಡ್ ಇಲ್ಲದೆ ಈ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ, ಹೇಳದೆ ಕೇಳದೆ ಕೂತುಬಿಡುತ್ತದೆ.

ಮರ್ಸಿಡಿಸ್‌ನ ಎಸ್ಟೇಟ್ ಕಾರುಗಳ (ಹಿಂದೆ ಉದ್ದ ಚಾವಣಿ, ದೊಡ್ಡ ಸಾಮಾನಿನ ಜಾಗ ಇರುವಂಥವು) ಹಿಂಭಾಗದಲ್ಲೂ ಇದರ ಅರ್ಧ ರೂಪ ಇದೆ. ಸ್ಪ್ರಿಂಗ್ ಜೊತೆಗೆ ಎಣ್ಣೆಯ ಸ್ಟ್ರಟ್, ನೈಟ್ರೋಜನ್ ತುಂಬಿದ ಎರಡು ಪುಟ್ಟ ಗೋಳ. ಗೋಳ ಸತ್ತರೆ ಮುಂದುಗಡೆ ಹಾಯಾಗಿರುತ್ತದೆ, ಹಿಂದುಗಡೆ ಮಾತ್ರ ಎತ್ತಿನ ಗಾಡಿ. ಇದಕ್ಕೆ ಕೆಲವರು ಸ್ಟ್ರಟ್ ತೆಗೆದು ಮಾಮೂಲಿ ಶಾಕ್ ಹಾಕುತ್ತಾರೆ. ಆ ಕಾರಿನ ಸ್ಪ್ರಿಂಗ್ ಮೆತ್ತಗಿರುತ್ತದೆ, ಉಳಿದ ಭಾರ ಎಣ್ಣೆಯೇ ಹೊರಬೇಕು. ಹಾಗಾಗಿ ಎರಡು ಜನ ಹಿಂದೆ ಕೂತರೆ ಕಾರು ಬಂಪ್ ಸ್ಟಾಪ್ ಮೇಲೆ. ಎರಡು ಗೋಳ ತಿರುಗಿಸಿ ಹಾಕುವುದೇ ಕಡಿಮೆ ಕೆಲಸ.

ಅಲೆಯುವುದು, ನಡುಗುವುದು, ಹಿಂಭಾಗ ತಿರುಗುವುದು

ಗಡಸು ಹೋಗಿ ಹಿಡಿತದ ದೂರು ಉಳಿದಿದ್ದರೆ ಸವೆದ ಜಾಯಿಂಟ್ ಹುಡುಕಬೇಕು.

ಡಬ್ಲ್ಯು124 ಹೈವೇಯಲ್ಲಿ ಅಲೆದರೆ ಎಲ್ಲರ ಕೈ ಸ್ಟೇರಿಂಗ್ ಬಾಕ್ಸ್‌ನ ಸ್ಕ್ರೂ ಕಡೆ ಹೋಗುತ್ತದೆ. ತಡೆಯಿರಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪವೇ ಅತ್ತಿತ್ತ ಆಡಿಸಲಿ. ನೀವು ಕೆಳಗಿನಿಂದ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಿ: ಟೈ ರಾಡ್ ಎಂಡ್, ನಡುವಿನ ಉದ್ದ ರಾಡ್, ಆಮೇಲೆ ಬಾಕ್ಸ್‌ಗೆ ಎದುರು ಬದಿಯ ಐಡ್ಲರ್ ಆರ್ಮ್. ಐಡ್ಲರ್ ಬುಷ್ ಚಿಕ್ಕ ಸಾಮಾನು, ತೊಂದರೆ ದೊಡ್ಡದು. ಇವೆಲ್ಲ ಬಿಗಿಯಾಗಿದ್ದು, ಬಾಕ್ಸ್‌ನ ಒಳಹೋಗುವ ಶಾಫ್ಟ್ ತಿರುಗಿದರೂ ಹೊರಗಿನ ಆರ್ಮ್ ತಡವಾಗಿ ಕದಲಿದರೆ ಮಾತ್ರ ಸ್ಕ್ರೂ ಮುಟ್ಟಿ. ಅತಿಯಾಗಿ ಬಿಗಿದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನಡುವಿಗೆ ವಾಪಸ್ ಬರುವುದಿಲ್ಲ. ಅದು ಅಲೆಯುವುದಕ್ಕಿಂತ ಕೆಟ್ಟದ್ದು.

ಇ34 ಬ್ರೇಕ್ ಹಾಕಿದಾಗ 80ರಿಂದ 100 ಕಿ.ಮೀ. ವೇಗದ ನಡುವೆ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಬದಲಿಸುತ್ತಾರೆ. ಒಂದಷ್ಟು ದಿನ ಕಡಿಮೆಯಾಗುತ್ತದೆ, ಮತ್ತೆ ಶುರು. ಮುಂದಿನ ಚಕ್ರಕ್ಕೆ ಕೆಳಗೆ ಎರಡು ಆರ್ಮ್ ಇವೆ. ಅವುಗಳಲ್ಲಿ ಓರೆಯಾಗಿ ಕೂತ ಥ್ರಸ್ಟ್ ಆರ್ಮ್‌ನ ದೊಡ್ಡ ಬುಷ್ ನೋಡಿ. ರಬ್ಬರ್ ಸೀಳಿದ್ದರೆ, ಅಥವಾ ಒಳಗಿನ ದ್ರವ ಸೋರಿದ ಕಪ್ಪು ಕಲೆ ಕಂಡರೆ ಅದೇ ಕಳ್ಳ. ಆಗಿನ 7 ಸರಣಿಯ 750ರ ಗಟ್ಟಿ ರಬ್ಬರ್ ಬುಷ್ ಇದಕ್ಕೆ ಕೂರುತ್ತದೆ, ಜಾಸ್ತಿ ಬಾಳುತ್ತದೆ. ಇ30ರಲ್ಲಿ ಇದೇ ಪಾತ್ರ ಲೋಯರ್ ಆರ್ಮ್‌ನ ಹಿಂದಿನ ತುದಿಯ ಲಾಲಿಪಾಪ್ ಆಕಾರದ ಬುಷ್‌ನದ್ದು.

ವೋಲ್ವೋ 240ರಲ್ಲಿ ಸ್ಟೇರಿಂಗ್ ಅಲ್ಲಾಡಿಸದೆಯೇ ಕಾರು ದಿಕ್ಕು ಬದಲಿಸಿದಂತೆ ಅನ್ನಿಸಿದರೆ ಪ್ಯಾನ್‌ಹಾರ್ಡ್ ರಾಡ್ ಮತ್ತು ಟ್ರೇಲಿಂಗ್ ಆರ್ಮ್ ಬುಷ್ ನೋಡಿ. ಹೊರಡುವಾಗ, ಗೇರ್ ಬಿಡುವಾಗ ಹಿಂದಿನಿಂದ ಧಡ್ ಅಂದರೆ ಟಾರ್ಕ್ ರಾಡ್ ಬುಷ್.

ಪೂಜೋ 205, 309ರ ರೋಗ ನಿಂತು ನೋಡಿದರೇ ಗೊತ್ತಾಗುತ್ತದೆ. 309 ನಮ್ಮಲ್ಲಿ 1990ರ ದಶಕದ ನಡುವೆ ಮುಂಬೈ ಹತ್ತಿರದ ಕಲ್ಯಾಣದಲ್ಲಿ ತಯಾರಾಗುತ್ತಿತ್ತು. ಕಾರಿನ ಹಿಂದೆ ಹತ್ತು ಹೆಜ್ಜೆ ದೂರ ಕುಕ್ಕರಗಾಲಲ್ಲಿ ಕೂತು ನೋಡಿ. ಹಿಂದಿನ ಚಕ್ರಗಳ ತಲೆ ಒಳಕ್ಕೆ ವಾಲಿದ್ದರೆ ಟ್ರೇಲಿಂಗ್ ಆರ್ಮ್ ತಿರುಗುವ ಸೂಜಿ ಬೇರಿಂಗ್ ತುಕ್ಕು ಹಿಡಿದು ಮುಗಿದಿದೆ. ಜೊತೆಗೆ ಕಿರುಗುಟ್ಟುವ ಸದ್ದು, ಗಡಸು. ಬಿಎಕ್ಸ್‌ನ ಹಿಂದಿನ ಆರ್ಮ್‌ಗೂ ಇದೇ ಬರುತ್ತದೆ, ಗೋಳದ ಮೇಲೆ ಅಪವಾದ ಹೊರಿಸುತ್ತಾರೆ. ಬೇಗ ಹಿಡಿದರೆ ಬೇರಿಂಗ್ ಸಾಕು. ತಡವಾದರೆ ಆರ್ಮ್‌ನ ಶಾಫ್ಟ್, ಅಡ್ಡ ಕೊಳವೆ ಎರಡೂ ಸವೆದು ಇಡೀ ಆಕ್ಸಲ್ ಹುಡುಕಬೇಕು. ಈಗ ಅದನ್ನು ಎಲ್ಲಿಂದ ತರುತ್ತೀರಿ?

ಅಲೈನ್‌ಮೆಂಟ್ ಕೊನೆಗೆ

ಸವೆದ ಬುಷ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಕಾರು ರ‍್ಯಾಂಪ್ ಇಳಿಯುವ ತನಕ ಮಾತ್ರ. ಎಲ್ಲ ಕೆಲಸ ಮುಗಿಸಿ, ಕೆಲವು ನೂರು ಕಿ.ಮೀ. ಓಡಿಸಿ, ಹೊಸ ಸ್ಪ್ರಿಂಗ್ ಮತ್ತು ರಬ್ಬರ್ ಕೂತ ಮೇಲೆ ಎತ್ತರ ಮತ್ತೊಮ್ಮೆ ಅಳೆಯಿರಿ. ಆಮೇಲೆ ಅಲೈನ್‌ಮೆಂಟ್‌ಗೆ ಹೋಗಿ. ಮುಂದಿನದು ಮಾತ್ರ ಸಾಲದು, ನಾಲ್ಕೂ ಚಕ್ರದ ಅಂಕಿ ಕೇಳಿ ಪಡೆಯಿರಿ. ಡಬ್ಲ್ಯು124ರಲ್ಲಿ ಹಿಂದಿನ ಟೋ (ಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸರಿಪಡಿಸಬಹುದು. ಇ30ರಲ್ಲಿ ಕಾರ್ಖಾನೆ ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ, ಆದ್ದರಿಂದ ಅಲ್ಲಿ ಹಿಂದಿನ ಅಂಕಿ ತಪ್ಪಿದ್ದರೆ ಸಬ್‌ಫ್ರೇಮ್ ಬುಷ್, ಟ್ರೇಲಿಂಗ್ ಆರ್ಮ್ ಬುಷ್ ನೋಡಬೇಕು. ಅವು ಸರಿಯಿದ್ದೂ ಒಂದೇ ಕಡೆಯ ಅಂಕಿ ತಪ್ಪಿದ್ದರೆ ಆರ್ಮ್ ಬಾಗಿದೆ. ಅದನ್ನು ಕಾಯಿಸಿ ಬಡಿದು ನೇರ ಮಾಡಿಸಬೇಡಿ, ಬೇರೆ ಆರ್ಮ್ ಹಾಕಿಸಿ.